ನಾ ಮಾಡಿದ ಮಿಸ್ತ್ರಿ ದನಿ

ಇಳಕಲ್‌ದಾಗ ಮೈಕ್ ಸೆಟ್ ಬಾಡಿಗಿ ಕೊಡೂ ಮಂದಿ ಬೇಕಾದಷ್ಟ ಅದಾರ. ಆದ್ರ ಮೈಕ್ ಹಿಡದು ಒಂದ ಮಾತಿಗೆ ಇಡೀ ಸಂತಿ ನಿಂದರಸಾಂವ ನಾನೊಬ್ಬನ. ಇದನ್ನ ನಾನ ಹೇಳ್ಕೋಬೇಕಾಗೇತಿ, ಯಾಕಂದ್ರ ನನ್ನಷ್ಟು ಚಂದ ಹೇಳಾಂವ ಬ್ಯಾರೆ ಯಾರೂ ಹುಟ್ಟಿಲ್ಲ. ಮ್ಯಾಲ ದೇವರು ನನಗೊಂದು ಕೊಳ್ಳು ಕೊಟ್ಟಾನ, ಅದರಾಗ ಯಾರ ದನಿ ಬೇಕಾದ್ರೂ ಹೊಂಡ್ತೈತಿ. ಸಾಲಿ ಹೆಡ್‌ಮಾಸ್ತರು, ಬಳಿ ಮಾರೂ ಅಕ್ಕ, ಭಾಷಣಕ್ಕ ಬರೂ ದೊಡ್ಡ ಸಾಹೇಬ್ರು, ಯಾರನ್ನೂ ಬಿಟ್ಟಾಂವಲ್ಲ ನಾ. ಹರೇದಾಗ ಒಂದ್ ಸಲ ಬಸ್ ಕಂಟ್ರೋಲರ್ ದನಿ ಮಾಡಿ, ಬಾದಾಮಿ ಬಸ್ ಹಿಂದಿನ ಗೇಟಿಗೆ ಬರ್ತೈತಿ ಅಂತ ಒದರಿ, ಅರ್ಧ ಸ್ಟ್ಯಾಂಡಿನ ಮಂದೀನ ಗಂಟುಮೂಟಿ ಸಮೇತ ಓಡಿಸೀನಿ. ಅದರಾಗ ನಮ್ಮ ಮಾವನೂ ಇದ್ರು. ವರ್ಸತನ ನನ್ನ ಕೂಡ ಮಾತಾಡಿದ್ದಿಲ್ಲ.

ಈಗ ಹೇಳೂದು ಆ ಶಾಣ್ಯಾತನದ ಮಾತಲ್ಲ. ಅದ ಕೊಳ್ಳು ನನ್ನ ದೋಸ್ತನ ಕೊಳ್ಳಿಗೆ ಬಂದಿದ್ದರ ಮಾತು.

ನನ್ನ ದೋಸ್ತಗ ಊರಾಗ ಎಲ್ಲಾರೂ ಮಿಸ್ತ್ರಿ ಅಂತಾರ. ನಲವತ್ತು ವರ್ಸ ಆತು ನಾವಿಬ್ರೂ ಕೂಡಿ ಸೆಟ್ ನಡಸಾಕತ್ತು. ಮಷಿನ್ ಅವಂದು, ಬಾಯಿ ನಂದು. ಕೆಟ್ಟ ಆಂಪ್ಲಿಫೈರ್ ಅವನ ಮುಂದ ಇಟ್ರ, ಕಿವಿ ಹಚ್ಚಿ ಕೇಳಿನ ಎಲ್ಲಿ ರೋಗ ಐತಿ ಅಂತ ಹೇಳ್ತಾನ. ಅಂವಾ ಮಸೂತಿ ಓಣ್ಯಾಂವ, ಐದು ಹೊತ್ತು ನಮಾಜ್ ತಪ್ಪಸಂಗಿಲ್ಲ. ನಾ ಬಸವಣ್ಣನ ಗುಡಿ ಓಣ್ಯಾಂವ, ಕೊಳ್ಳಾಗ ಲಿಂಗ ಐತಿ, ಪೂಜಿ ಮಾತ್ರ ಹೇಂತಿ ನೆನಪು ಮಾಡಿದಾಗ. ಅಂವಾ ಮಾತಾಡೂದು ಕಡಿಮಿ. ಮಾತಾಡಿದ್ರ ದನಿ ಒಂಥರಾ ದಪ್ಪ, ನಿಧಾನ. ಮೊದಲ ಒಂದ್ ಸಲ ಕೆಮ್ಮಿ, "ಏನಪಾ" ಅಂದ ಆಮ್ಯಾಲ ಮಾತು. ಇಂಥಾ ದನಿ ಮಾಡೂದು ಭಾಳ ಸರಳ. ನಾ ಮಾಡಿದ್ರ ಅವನ ಮನಿ ಬೆಕ್ಕೂ ಎದ್ದು ಬರ್ತಿತ್ತು.

ನಮ್ಮಲ್ಲೊಂದು ಪದ್ಧತಿ ಐತಿ. ಗಣಪ್ಪನ್ನ ಕಳಸೂ ದಿನ ಮೆರವಣಿಗಿ ಮಸೂತಿ ಮುಂದ ಬರ್ತೈತಿ. ಅಲ್ಲಿ ಆ ಕಡಿ ಒಂದು ಲೈಟಿನ ಕಂಬ, ಈ ಕಡಿ ಒಂದು. ಮೊದಲ್ನೇ ಕಂಬ ಬಂದ ಕೂಡ್ಲೆ ಡೊಳ್ಳು ನಿಂದರ್ತಾವು. ಟ್ರ್ಯಾಕ್ಟರ್ ಮ್ಯಾಲ ಮಷಿನ್ ಮುಂದ ಕುಂತ ಮಿಸ್ತ್ರಿ ಗುಂಡಿ ತಿರಿವಿ ದನಿ ಪೂರಾ ಇಳಸ್ತಾನ. ಎರಡು ಕಂಬದ ನಡುವ ಬರೇ ಕಾಲ ಸಪ್ಪಳ, ಜನರೇಟರಿನ ಗುಯ್ ಅನ್ನೂದು. ಎರಡನೇ ಕಂಬ ದಾಟಿದ ಮ್ಯಾಲ ಮತ್ತ ಏರಸ್ತಾನ. ಈದ್ ಮಿಲಾದ್ ಮೆರವಣಿಗಿ ನಮ್ಮ ಗುಡಿ ಮುಂದ ಬಂದಾಗ ಅವರೂ ಹಂಗ. ಎರಡಕ್ಕೂ ಸೆಟ್ ನಮ್ಮದ, ಗುಂಡಿ ಮ್ಯಾಲ ಕೈ ಮಿಸ್ತ್ರೀದ.

ಮೈಕಿನ ಮಂದಿ ನಮ್ಮ ನಮ್ಮೊಳಗ ಒಂದು ಮಾತು ಆಡ್ತೇವಿ: ವೈರ್ ಕಡೀತೇನಿ. ಹೇಳಿದ ಹೊತ್ತಿಗೆ ಚಾ ಬರಲಿಲ್ಲಂದ್ರ ವೈರ್ ಕಡೀತೇನಿ. ಭಾಷಣ ಉದ್ದಾದ್ರ ವೈರ್ ಕಡೀತೇನಿ. ಇಷ್ಟು ವರ್ಸದಾಗ ಯಾರೂ ಯಾವ ವೈರೂ ಕಡದಿಲ್ಲ.

ಆ ವರ್ಸ ಗಣಪ್ಪನ್ನ ಕಳಸೂದು, ಈದ್ ಮಿಲಾದ್ ಒಂದ ವಾರದಾಗ ಬಂದಿದ್ವು. ನಾಕ ದಿನ ಮೊದಲ ಅಂಗಡ್ಯಾಗ ಕುಂತು ಹಾರ್ನ್ ಒಂದೊಂದ ಪರೀಕ್ಷಾ ಮಾಡಾಕತ್ತಿದ್ವಿ. ಮಿಸ್ತ್ರಿ ಒಳಗ ಬೆಸಿಗಿ ಹಾಕಾಕತ್ತಿದ್ದ. ನನಗ ಕೈ ಸುಮ್ಮನಿದ್ರೂ ಬಾಯಿ ಸುಮ್ಮನಿರಂಗಿಲ್ಲ. ಫೋನ್ ತಗೊಂಡು, ಮೈಕಿನ ಮಂದಿ ವಾಟ್ಸಾಪ್ ಗುಂಪಿಗೆ ಮಿಸ್ತ್ರಿ ದನೀಲೆ ಒಂದು ಮಾತು ಹಾಕಿದ್ನಿ. ಕೆಮ್ಮಿದ್ನಿ, ಆಮ್ಯಾಲ: "ಏನಪಾ, ಈ ಸಲ ನಮ್ಮ ಮಸೂತಿ ಮುಂದ ನಿಮ್ಮ ಗಣಪ್ಪನ ಮೈಕ್ ಹೆಂಗ ದಾಟ್ತೈತಿ ನೋಡೇ ಬಿಡ್ತೇನಿ. ವೈರ್ ಕಡೀತೇನಿ. ಯಾಕಂದ್ರ ಆ ಮುದುಕನ ಹಾಡು ಕೇಳಿ ನಮ್ಮ ಓಣಿ ಆಡು ಹಾಲು ಕೊಡೂದು ಬಿಟ್ಟಾವು."

ಮುದುಕ ಅಂದ್ರ ನಾ. ಗುಂಪಿನಾಗ ಎಲ್ಲಾರೂ ನಕ್ರು. ಹೊಳ್ಳಿ ಮಿಸ್ತ್ರಿಗೂ ಕೇಳಿಸಿದ್ನಿ. ಅಂವಾ ಬೆಸಿಗಿ ಮ್ಯಾಲಿನ ಕಣ್ಣು ತಗೀದ "ಹುಂ" ಅಂತ ನಕ್ಕ. ನಾ ಮನಿಗೆ ಹೋಗಿ ಜ್ವಾಳದ ರೊಟ್ಟಿ ಹೊಡದು ಮಕ್ಕೊಂಡ್ನಿ.

ಮುಂಜಾನಿ ಎದ್ದು ಬರೂದ್ರೊಳಗ ಆಡು ಹೋಗಿಬಿಟ್ಟಿದ್ವು. ಗುಂಪಿನಾಗಿಂದ ಯಾರೋ ಅದನ್ನ ಮುಂದಕ ಕಳಿಸಿದ್ರಂತ, ಅಲ್ಲಿಂದ ಇನ್ಯಾರೋ ಬಾಲಾ ಕತ್ತರಿಸಿ "ವೈರ್ ಕಡೀತೇನಿ"ಗೆ ನಿಂದರಿಸಿದ್ರು. ಕೆಮ್ಮು ಮಾತ್ರ ಹಂಗ ಇಟ್ಟಿದ್ರು. ಊರಾಗ ಆ ಕೆಮ್ಮು ಯಾರದಂತ ಗೊತ್ತಿಲ್ಲದಾಂವ ಒಬ್ಬನೂ ಇಲ್ಲ. ಗುಂಪಿನಾಗ ಖರೆ ಗೊತ್ತಿದ್ದವ್ರೂ ಕೇಸಿಗೆ ಅಂಜಿ ಬಾಯಿ ಬಿಡಲಿಲ್ಲ. ಮಧ್ಯಾಹ್ನಕ್ಕ ಚಾದಂಗಡ್ಯಾಗ ನಾಕು ಫೋನಿನಾಗ ಅದ ಮಾತು ಕೇಳಾಕತ್ತಿತ್ತು. ಗಣಪತಿ ಮಂಡಳಿ ಹುಡುಗೂರು ಅಂಗಡಿ ಮುಂದ ಗುಂಪು ಕೂಡಿದ್ರು. ಮಿಸ್ತ್ರಿ ಮಗ ಶಟರ್ ಅರ್ಧ ಇಳಿಸಿ ಒಳಗ ನಿಂತಿದ್ದ. ಅವನ ಅಪ್ಪನ್ನ ಠಾಣಿಗೆ ಕರಕೊಂಡು ಹೋಗಿದ್ರು.

ಇಲ್ಲಿ ನಾ ಏನ ಮಾಡಿದ್ನಿ ಅಂದ್ರ, ಏನೂ ಮಾಡ್ಲಿಲ್ಲ. ಇದನ್ನ ಬರಿಯಾಕ ಕೈ ಬರವಲ್ದು, ಆದ್ರ ಬರೀತೇನಿ. ಠಾಣಿ ಇದ್ದದ್ದು ನಮ್ಮ ಮನಿಯಿಂದ ಹತ್ತು ಮಿನಿಟಿನ ಹಾದಿ. ಚಪ್ಪಲಿ ಹಾಕ್ಕೊಂಡ್ನಿ, ತಗದ್ನಿ. ನನ್ನ ಮಗ ಅಂದ, ಅಪ್ಪಾ ಈಗ ಹೋದ್ರ ನಿಮ್ಮ ಮ್ಯಾಲ ಕೇಸ್ ಆಗ್ತೈತಿ, ಎರಡು ದಿನಕ್ಕ ತಣ್ಣಗಾಗ್ತೈತಿ ಬಿಡ್ರಿ ಅಂತ. ನನಗೂ ಅದ ಮಾತು ಬೇಕಾಗಿತ್ತು. ಫೋನಿನಾಗ ಏನರ ಮಾಡಿದ್ರಾತು ಅಂತ ಕುಂತ್ನಿ. ಆಡಿನ ಬಾಲಾ ಸಮೇತ ಪೂರ್ತಿ ಮಾತು ಇತ್ತಲ್ಲ, ಅದನ್ನ ಇದ್ದಬದ್ದ ಗುಂಪಿಗೆಲ್ಲ ಹಾಕಿದ್ನಿ. ಅರ್ಧ ತಾಸಿನಾಗ ಹೊಳ್ಳಿ ಬಂತು ಉತ್ತರ: ನೋಡ್ರಿ, ಮಿಸ್ತ್ರಿ ಪಾರಾಗಾಕ ಆಡಿನ ಮಾತು ಆಮ್ಯಾಲ ಜೋಡಿಸ್ಯಾನ, ಹೆಂಗೂ ರೆಕಾರ್ಡಿಂಗ್ ಕೆಲಸಾ ಬಲ್ಲಾಂವ ಅಂತ. ನಾ ಬೆಂಕಿಗೆ ನೀರು ಅಂತ ಸುರದಿದ್ದು ಸೀಮಿಎಣ್ಣಿ ಆತು.

ಮಿಸ್ತ್ರೀನ ಕತ್ತಲಾಗೂ ಮುಂದ ಬಿಟ್ರಂತ. ಫೋನ್ ಇಟ್ಕೊಂಡ್ರಂತ. ಮೆರವಣಿಗಿ ಮುಗಿಯೂತನ ಊರಾಗ ಇರಬ್ಯಾಡ ಅಂತ ಹೇಳಿ ಕಳಸಿದ್ರಂತ. ಅಂವಾ ಚೊಳಚಗುಡ್ಡದ ಮಗಳ ಮನಿಗೆ ಹೋದ. ನನಗ ಹೇಳಿ ಹೋಗಲಿಲ್ಲ.

ಮರುದಿನ ಮುಂಜಾನಿ ಮಂಡಳಿ ಅಧ್ಯಕ್ಷನ ಕಡೆ ಹೋದ್ನಿ. ಇಪ್ಪತ್ತೈದು ವರ್ಸದ ಹುಡುಗ, ಪವರ್‌ಲೂಮ್ ನಡಸ್ತಾನ, ಅವನ ತೊಟ್ಟಲ ಕಾರ್ಯಕ್ರಮದಾಗ ಮೈಕ್ ಹಿಡದಾಂವ ನಾನ. ಆ ದನಿ ನಂದೋ ತಮ್ಮಾ ಅಂದ್ನಿ. ಅಂವಾ ನನ್ನ ಮುಖಾ ನೋಡಿ ನಕ್ಕ.

"ಕಾಕಾ, ಮಿಸ್ತ್ರಿ ನಿಮ್ಮ ದೋಸ್ತ್ ಅನ್ನೂದು ನಮಗ ಗೊತ್ತೈತ್ರಿ. ಉಳಸಾಕ ಬಂದೀರಿ. ನೀವು ಖರೆ ಹೇಳಿದ್ದು ಯಾವಾಗರ ಯಾರರ ಕೇಳ್ಯಾರೇನ್ರಿ?"

ಠಾಣ್ಯಾಗೂ ಅದ ಕಥಿ. ಸಾಹೇಬ್ರು ಒಳ್ಳೆ ಮನಷ್ಯಾ, ಕುಂದರಿಸಿ ನೀರು ಕೊಟ್ಟು, ಅಜ್ಜಾರ, ಇದು ಚಾಷ್ಟಿ ಮಾಡೂ ಹೊತ್ತಲ್ಲ ಅಂತ ಕಳಸಿದ್ರು. ಅಲ್ಲೇ ದನಿ ಮಾಡಿ ತೋರಸ್ಬೇಕು ಅಂತ ಬಾಯಿ ತಗದ್ನಿ, ಬರೇ ಗಾಳಿ ಬಂತು. ಅಂಜಿದ ಕೊಳ್ಳಿಗೆ ಸ್ವಂತ ದನಿನೂ ಬರಂಗಿಲ್ಲ ಅನ್ನೂದು ಅವತ್ತ ಗೊತ್ತಾತು. ಹೊರಗ ಬಂದ್ರ ಮಸೂತಿ ಓಣಿ ಕಡಿ ಬ್ಯಾರೆ ಸುದ್ದಿ: ಮಿಸ್ತ್ರಿ ಅಂಗಡಿಗೆ ಯಾರೋ ಬಣ್ಣಾ ಬಳದಾರ, ಹಂಗಾದ್ರ ಮೆರವಣಿಗಿ ಖರೇನ ದಾಟಗೊಡಬಾರ್ದು ಅಂತ ಅಲ್ಲಿ ಹುಡುಗೂರೂ ನಿಂತಾರಂತ. ನಾ ಆಡಿದ ಸುಳ್ಳು ಮಾತು ಒಂದ ದಿನದಾಗ ಖರೆ ಆಗೂ ಹಾದಿ ಹಿಡದಿತ್ತು.

ಚೊಳಚಗುಡ್ಡದ ಬಸ್ ಹಿಡದ್ನಿ. ಇಡೀ ಹಾದಿ ಮಿಸ್ತ್ರೀನ ನಗಸಾಕ ಏನೇನ ಮಾತು ಹೇಳ್ಬೇಕು ಅಂತ ಜೋಡಸ್ಕೋತ ಹೋದ್ನಿ. ಅಮೀನಗಡದಾಗ ಇಳದು ಕರದಂಟು ತಗೊಂಡ್ನಿ. ಬಾದಾಮ್ಯಾಗ ಬಸ್ ಬದಲಿ ಮಾಡಿ ಹೋದಾಗ ಮಧ್ಯಾಹ್ನ ದಾಟಿತ್ತು. ಅಂವಾ ಮಗಳ ಮನಿ ಕಟ್ಟಿ ಮ್ಯಾಲ ಕುಂತು ಯಾರದೋ ಮಿಕ್ಸರ್ ಬಿಚ್ಚಿದ್ದ.

"ಬೀಗರ ಮನಿ ಊಟ ಮೈಗೆ ಹಿಡದೈತಲ್ಲೋ ಲೇ," ಅಂದ್ನಿ.

ಅಂವಾ ನಗಲಿಲ್ಲ. "ಬಾ, ಕುಂದ್ರು," ಅಂದ. ಕೆಮ್ಮೂ ಇಲ್ಲ, "ಏನಪಾ"ನೂ ಇಲ್ಲ. ಮಗಳು ಚಾ ತಂದಿಟ್ಟು ನನ್ನ ಮುಖಾ ನೋಡದ ಒಳಗ ಹೋದ್ಲು.

ಒಂದು ಸ್ಕ್ರೂ ತಿರುವಿ ತಗದ. ಆಮ್ಯಾಲ ಅಂದ, "ಠಾಣ್ಯಾಗ ಸಂಜಿತನ ಬಾಗಲಾ ನೋಡಕೋತ ಕುಂತಿದ್ದೆ. ಈಗ ಬರ್ತಿ, ಈಗ ಬರ್ತಿ ಅಂತ."

ನೀನ ನನ್ನ ಹೆಸರು ಹೇಳಿಬಿಡಬೇಕಾಗಿತ್ತಲ್ಲೋ ಅಂದ್ನಿ.

"ನೀ ಹೇಳಿದ್ರ ಅದೊಂದು ಚಾಷ್ಟಿ," ಅಂದ. "ನಾ ಹೇಳಿದ್ರ ಅದೊಂದು ಕೇಸು. ತನ್ನ ತಪ್ಪು ಅವನ ಮ್ಯಾಲ ಹಾಕಾಕತ್ತಾನ ಅಂತಿದ್ರು."

ನನ್ನ ಬಾಯಿ ಸುಮ್ಮನಿರಬೇಕಲ್ಲ. ಇಷ್ಟು ವರ್ಸ ನಿನ್ನ ದನಿ ಮಾಡೀನಿ, ನೀನೂ ನಕ್ಕೀಯಲ್ಲೋ, ಅವತ್ತೂ ನಕ್ಕಿ, ಅಂದ್ನಿ. ಅಂವಾ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನಕ್ಕೀನಿ. ಹತ್ತು ಮಂದಿ ನಗೂವಲ್ಲಿ ನಾ ಒಬ್ಬಾಂವ ಮುಖಾ ಗಂಟ ಹಾಕ್ಕೊಂಡ್ರ ಏನಂತಾರ ಗೊತ್ತೈತೇನ ನಿನಗ? ನಿನಗ ಗೊತ್ತಿಲ್ಲ. ನೀ ಎಲ್ಲಿ ಬೇಕಾದ್ರೂ ಸಿಟ್ಟಿಗೇಳ್ತಿ, ಎಲ್ಲಿ ಬೇಕಾದ್ರೂ ನಗ್ತಿ. ನಾ ಮಂದಿ ಮುಖಾ ನೋಡಿ ನಗ್ತೇನಿ. ಒಂದ್ ಸಲರ ಕೇಳ್ಬೇಕಾಗಿತ್ತು ನೀ, ಮಾಡ್ಲೇನಪಾ ಅಂತ."

ನಲವತ್ತು ವರ್ಸ ಒಂದ ಚಾದಂಗಡ್ಯಾಗ ಚಾ ಕುಡದೇವಿ. ಅವನ ತಂದಿ ಮಣ್ಣಿಗೆ ನಾ ಹೆಗಲು ಕೊಟ್ಟೀನಿ, ನಮ್ಮವ್ವ ಸತ್ತಾಗ ಅಂವಾ ಮೂರು ದಿನ ಅಂಗಡಿ ತಗದಿಲ್ಲ. ಇದಕ್ಕಿಂತ ಸನೇದವ್ರು ಯಾರಿರ್ತಾರ ಅಂತ ಊರ ತುಂಬ ಎದಿ ಬಡಕೊಂಡು ಹೇಳ್ಕೋತ ಬಂದಾಂವ ನಾ. ಅವನ ದನಿ ಅಷ್ಟು ಪಕ್ಕಾ ಕಲ್ತಾಂವಗ, ಅಂವಾ ಏನಂತಾನ ಅನ್ನೂದ ಕೇಳಿದ್ದಿಲ್ಲ.

ಪೊಲೀಸರು ಕರದ ನಾಳಿನ ಶಾಂತಿ ಸಭಾಕ್ಕ ನನ್ನ ಜೋಡಿ ಬಾ ಅಂತ ಕರದ್ನಿ. ಬರಂಗಿಲ್ಲ ಅಂದ. "ನನ್ನ ದನೀಲೆ ಹೇಳಿದ್ದನ್ನ ನೀ ನಿನ್ನ ದನೀಲೆ ಹೇಳು. ಮೊದಲ ಅದು ಆಗ್ಲಿ."

ಕರದಂಟಿನ ಪೊಟ್ಣ ಕಟ್ಟಿ ಮ್ಯಾಲ ಇಟ್ಟು ಬಂದ್ನಿ. ಬಾಗಲಕೋಟಿ ವಕೀಲರೊಬ್ರು ನನ್ನ ಗುರ್ತಿನವರು, ಬಸ್ಸಿನಾಗಿಂದ ಫೋನ್ ಹಚ್ಚಿದ್ನಿ. ಅಜ್ಜಾರ, ಬಾಯಿ ಮಾತು ಬ್ಯಾಡ, ಬರದು ಸಹಿ ಮಾಡಿ ಕೊಡ್ರಿ, ಕೇಸ್ ಬಿದ್ರ ಬೀಳ್ತೈತಿ, ನಿಮಗ ಆ ತಯಾರಿ ಐತೇನು ಅಂದ್ರು. ಬಸ್ಸು ಅಮೀನಗಡ ದಾಟಿ ಹುನಗುಂದಕ್ಕ ಬರೂತನ ವಿಚಾರ ಮಾಡಿದ್ನಿ. ಹುನಗುಂದ ಸ್ಟ್ಯಾಂಡಿನಾಗ ಬಿಳಿ ಹಾಳಿ ತಗೊಂಡು, ಮೊಣಕಾಲ ಮ್ಯಾಲ ಇಟ್ಟು ಬರದ್ನಿ. ನಾಕ ಸಾಲು. ಅಷ್ಟು ಕಡಿಮಿ ಮಾತಿನಾಗ ನಾ ಹಿಂದಕ ಏನೂ ಹೇಳಿದ್ದಿಲ್ಲ.

ಶಾಂತಿ ಸಭಾ ಅಂದ್ರ ಹೇಳ್ತೇನಿ ಕೇಳ್ರಿ. ಮೂವತ್ತು ವರ್ಸ ನಾ ಅದಕ್ಕ ಹೋಗೀನಿ, ಮೈಕ್ ಹಚ್ಚಾಕ. ಎರಡೂ ಕಡಿ ಹಿರ್ಯಾರು ಎದುರು ಬದುರು ಕುಂದರ್ತಾರ. ನಾವೆಲ್ಲ ಅಣ್ಣತಮ್ಮಂದಿರು ಅಂತ ಇವರು ಹೇಳ್ತಾರ, ಹೌದು ಅಣ್ಣತಮ್ಮಂದಿರು ಅಂತ ಅವರು ಹೇಳ್ತಾರ. ಚಾ ಬರ್ತೈತಿ, ಬಿಸ್ಕೀಟ ಬರ್ತಾವು, ಪುಸ್ತಕದಾಗ ಸಹಿ ಬೀಳ್ತೈತಿ. ಯಾರೂ ಯಾರನ್ನೂ ಏನೂ ಕೇಳಂಗಿಲ್ಲ. ನಾನೂ ಹಿಂದ ನಿಂತು ಒಬ್ಬೊಬ್ಬರ ದನಿ ಬಾಯಿಪಾಠ ಮಾಡ್ಕೋತಿದ್ದೆ.

ಈ ಸಲ ಮೈಕಿಗೆ ಬ್ಯಾರೆಯವರು ಬಂದಿದ್ರು. ನಾ ಎದ್ದು ಹಾಳಿ ಸಾಹೇಬ್ರ ಕೈಗೆ ಕೊಟ್ನಿ. ಅವರು ಎರಡು ಸಲ ಓದಿದ್ರು. ಆಮ್ಯಾಲ ಒಂದು ಪರೀಕ್ಷಾ ಇಟ್ರು. ನನ್ನನ್ನ ಸಭಾದ ಹಿಂದ, ಬಾಗಲಾ ಮರೀಗೆ ನಿಂದರಿಸಿದ್ರು. ಊರ ತುಂಬ ಹಬ್ಬಿದ್ದ ಆ ಕತ್ತರಿಸಿದ ಮಾತು ಒಂದ್ ಸಲ, ಮಿಸ್ತ್ರಿ ಮಗನ ಫೋನಿನಾಗಿದ್ದ ಅವರಪ್ಪನ ಖರೆ ದನಿ ಒಂದ್ ಸಲ, ನಡುವ ನನ್ನ ಬಾಯಿಲೆ ಒಂದ್ ಸಲ. ಯಾವಾಗ ಯಾವ್ದು ಅಂತ ಸಭಾಕ್ಕ ಹೇಳಲಿಲ್ಲ.

ನಾ ಕಣ್ಣು ಮುಚ್ಚಿ ಕೆಮ್ಮಿದ್ನಿ. ಈ ಸಲ ದನಿ ಬಂತು. "ಏನಪಾ" ಅಂದ್ನಿ. ಒಂದಕ್ಷರ ಬಿಡದ ಹೇಳಿದ್ನಿ, ಆಡಿನ ತನಕ. ಅಷ್ಟು ಪಕ್ಕಾ ನಾ ಯಾವತ್ತೂ ಮಾಡಿದ್ದಿಲ್ಲ. ಮೂರೂ ಮುಗದ ಮ್ಯಾಲ ಮರಿಯಿಂದ ಹೊರಗ ಬಂದು ನೋಡಿದ್ನಿ. ನನ್ನ ಜನ್ಮದಾಗ ಮೊದಲ ಸಲ ಆ ಮಾತಿಗೆ ಯಾರೂ ನಕ್ಕಿದ್ದಿಲ್ಲ.

ಮಿಸ್ತ್ರಿ ಮಗ ತಲಿ ತಗ್ಗಿಸಿ ಕುಂತಿದ್ದ. ಸಾಹೇಬ್ರು ಕೇಳಿದ್ದಕ್ಕ, "ನಡುವಿಂದು ನಮ್ಮಪ್ಪಂದಲ್ರಿ, ಮೊದಲಿಂದೂ ಅಲ್ರಿ. ಅವೆರಡೂ ಒಬ್ರ ದನಿ," ಅಂದ.

ಮೈಕ್ ಇಲ್ಲದನ ನಾ ನಿಂತು ಹೇಳಿದ್ನಿ: ಇದು ನಂದು, ಮಿಸ್ತ್ರಿ ಒಂದಕ್ಷರ ಆಡಿಲ್ಲ, ಅಂವಾ ಠಾಣ್ಯಾಗ ಕುಂತಾಗ ನಾ ಅಂಜಿ ಮನ್ಯಾಗ ಕುಂತಿದ್ದೆ. ಜೋಡಿಸಿಟ್ಟ ಚಂದದ ಮಾತು ಒಂದೂ ನೆನಪಿಗೆ ಬರ್ಲಿಲ್ಲ. ಸಾಹೇಬ್ರು ನನ್ನ ಮ್ಯಾಲ ಬರಕೊಂಡ್ರು, ಎರಡೂ ಮೆರವಣಿಗಿಗೆ ನಾ ಮೈಕ್ ಮುಟ್ಟಂಗಿಲ್ಲ ಅಂದ್ರು.

ಅಲ್ಲಿಗೆ ಮುಗೀತು ಅನ್ಕೊಂಡಿದ್ನಿ. ಮಂಡಳಿ ಅಧ್ಯಕ್ಷ ಎದ್ದ. ಸಿಟ್ಟು ಇನ್ನೂ ಇಳದಿದ್ದಿಲ್ಲ.

"ಇರ್ಲಿರಿ, ಕಾಕಾನ ದನಿ ಅಂತ ಆತು. ಆದ್ರ ನನಗೊಂದು ಹೇಳ್ರಿ. ಆ ಎರಡು ಕಂಬದ ನಡುವ ನಾವು ದನಿ ಯಾಕ ಇಳಸ್ಬೇಕು?"

ಮೂವತ್ತು ವರ್ಸದಾಗ ಆ ಸಭಾದಾಗ ಬಿದ್ದ ಮೊದಲ್ನೇ ಪ್ರಶ್ನಿ ಅದು. ಎಲ್ಲಾರೂ ಸಾಹೇಬ್ರ ಮುಖಾ ನೋಡಿದ್ರು. ಮಸೂತಿ ಜಮಾತಿನ ಹಿರ್ಯಾರೊಬ್ರು, ಹಿಂದಕ ಸೀರಿ ನೂಲಿಗೆ ಬಣ್ಣಾ ಹಾಕ್ತಿದ್ದವ್ರು, ಕುಂತಲ್ಲಿಂದನ ಹೇಳಿದ್ರು, ನನಗೂ ಪೂರಾ ಗೊತ್ತಿಲ್ಲಪಾ ಅಂತ. ಮುಂದ ಅಂದ್ರು: ನಮ್ಮಪ್ಪ ಹೇಳ್ತಿದ್ದ, ಒಂದು ವರ್ಸ ನಿಮ್ಮ ಗಣಪ್ಪ ಬರೂ ದಿನಾನ ನಮ್ಮ ಓಣ್ಯಾಗ ಒಂದು ಸಾವಾಗಿತ್ತಂತ. ಹೆಣಾ ಇನ್ನೂ ಮನ್ಯಾಗ ಇತ್ತಂತ. ನಿಮ್ಮ ಹಿರ್ಯಾರು ಯಾರೂ ಹೇಳದನ ಡೊಳ್ಳು ನಿಂದರಿಸಿ, ಸುಮ್ಮಕ ನಡಕೊಂಡು ದಾಟಿದ್ರಂತ. ಮುಂದ ನಮ್ಮ ಮೆರವಣಿಗಿ ಬಂದಾಗ ನಮ್ಮವ್ರು ಬಸವಣ್ಣನ ಗುಡಿ ಮುಂದ ಹಂಗ ದಾಟಿದ್ರು. ಅಲ್ಲಿಂದ ಬಂದದ್ದು.

"ಗುಡಿ ಮುಂದ ನೀವು ಇಳಸ್ತೀರೇನ್ರಿ?" ಅಂದ ಅಧ್ಯಕ್ಷ.

"ನೀ ಯಾವಾಗರ ಬಂದು ನೋಡೀಯೇನು?"

ಅಂವಾ ನೋಡಿದ್ದಿಲ್ಲ. ಅವನ ಕಡೆ ಒಬ್ಬರೂ ನೋಡಿದ್ದಿಲ್ಲ. ಈದ್ ಮೆರವಣಿಗಿ ದಿನ ಮನಿ ಒಳಗ ಇರ್ರಿ ಅಂತ ನಾವ ಹೇಳಿ ಬೆಳಸಿದ್ವಿ. "ಮತ್ತ ಇದನ್ನ ನಮಗ ಯಾರೂ ಯಾಕ ಹೇಳಿಲ್ರಿ?" ಅಂತ ಕೇಳಿದ. ಯಾರನ್ನ ಕೇಳಿದ್ನೋ, ಕಣ್ಣು ಮಾತ್ರ ನನ್ನ ಮ್ಯಾಲಿತ್ತು. ಮೈಕ್ ನನ್ನ ಕೈಯಾಗಿತ್ತು. ಕಳದ ದನ, ನೀರು ಬಿಡೂ ಹೊತ್ತು, ಜ್ವರದ ಲಸಿಕಿ, ಎಲ್ಲಾ ಊರಿಗೆ ಹೇಳೀನಿ. ಇದೊಂದು ಹೇಳಿದ್ದಿಲ್ಲ. ಖರೆ ಅಂದ್ರ ನನಗೂ ಗೊತ್ತಿದ್ದಿಲ್ಲ.

ಆ ಸಭಾ ಚಂದಾಗಿ ಮುಗೀತು ಅಂತ ಬರದ್ರ ಸುಳ್ಳಾಗ್ತೈತಿ. ದನಿ ಇಳಸ್ತೇವಿ, ಆದ್ರ ಎಲ್ಲಾರ ಜವಾಬ್ದಾರಿ ನನಗ ಆಗೂದಿಲ್ಲ ಅಂದ ಅಧ್ಯಕ್ಷ. ತಮ್ಮ ಮೆರವಣಿಗಿ ಗಣಪ್ಪ ಹೋದ ನಾಕ ದಿನಕ್ಕ ಮುಂದಕ ಹಾಕ್ತೇವಿ ಅಂದ್ರು ಜಮಾತಿನವರು, ಅದಕ್ಕ ಅವರ ಹುಡುಗೂರ ಎದ್ದು ಹೋದ್ರು. ಚಾ ಯಾರೂ ಮುಟ್ಟಲಿಲ್ಲ.

ಗಣಪ್ಪನ್ನ ಕಳಸೂ ದಿನ ಸಂಜಿಮುಂದ ನಾ ಬರೇ ಕೈಲೆ ಮಂದ್ಯಾಗ ನಡದ್ನಿ. ಮಷಿನ್ ಮುಂದ ಮಿಸ್ತ್ರಿ ಮಗ ಕುಂತಿದ್ದ. ಮೊದಲ್ನೇ ಕಂಬ ಬಂತು. ಅಂವಾ ಗುಂಡಿ ತಿರಿವಿದ. ಡೊಳ್ಳು ನಿಂತ್ವು. ಎರಡೂ ಮಗ್ಗಲ ಪೊಲೀಸರು, ಅವರ ಹಿಂದ ಮಸೂತಿ ಓಣಿ ಮಂದಿ ಕೈ ಕಟ್ಟಿ ನಿಂತಿದ್ರು. ಅಷ್ಟರಾಗ ನಮ್ಮ ಹಿಂದಿನ ಸಾಲಿನಾಗಿಂದ ಒಬ್ಬಾಂವ ಸಿಳ್ಳಿ ಹೊಡದು ಒದರಿದ, ಮತ್ತೊಬ್ಬ ಡೊಳ್ಳಿನ ಮ್ಯಾಲ ಬಡದ. ಆ ಕಡಿ ಮಂದಿ ಒಂದು ಹೆಜ್ಜಿ ಮುಂದ ಬಂದ್ರು. ಅಧ್ಯಕ್ಷ ಹೊಳ್ಳಿ ಓಡಿ ಹೋಗಿ ಡೊಳ್ಳಿನ ಕೋಲು ಕಸಗೊಂಡ. ಕೋಲು ಕಂಕಳಾಗ ಇಟ್ಕೊಂಡು ಮುಂದ ನಡದ. ಆ ಕಡಿ ನೂಲಿನ ಬಣ್ಣದ ಹಿರ್ಯಾರು ಕೈ ಅಡ್ಡ ಮಾಡಿ ತಮ್ಮವರನ್ನ ಹಿಂದ ಸರಿಸಿದ್ರು. ಎರಡು ಕಂಬದ ನಡುವ ಎಷ್ಟು ಹೆಜ್ಜಿ ಅದಾವಂತ ಯಾರರ ಕೇಳಿದ್ರ ನಾ ಈಗ ಹೇಳ್ತೇನಿ. ತೊಂಬತ್ತಾರು.

ನಾಕ ದಿನ ಬಿಟ್ಟು ಈದ್ ಮೆರವಣಿಗಿ. ನಾ ಗುಡಿ ಕಟ್ಟಿ ಮ್ಯಾಲ ನಿಂತಿದ್ನಿ. ಅಧ್ಯಕ್ಷನೂ ಇಬ್ರು ಹುಡುಗೂರನ್ನ ಕರಕೊಂಡು ಬಂದು ಕೆಳಗ ನಿಂತಿದ್ದ. ಮಿಸ್ತ್ರಿ ಬಂದಾನಂತ ಸುದ್ದಿ ಇತ್ತು, ನಮ್ಮ ಮನೀಗೆ ಬಂದಿದ್ದಿಲ್ಲ. ಟ್ರ್ಯಾಕ್ಟರ್ ತಿರುವು ದಾಟಿ ಬಂತು. ಮಷಿನ್ ಮುಂದ ಅಂವಾ ಕುಂತಿದ್ದ. ನನ್ನ ಕಡೆ ನೋಡಿದ, ಕೈ ಎತ್ತಲಿಲ್ಲ.

ಗುಂಡಿಗೆ ಕೈ ಹಚ್ಚೂ ಮೊದಲ ಅಂವಾ ಮೈಕ್ ತಗೊಂಡ. ನಲವತ್ತು ವರ್ಸದಾಗ ಮಿಸ್ತ್ರಿ ಮೈಕಿನಾಗ ಮಾತಾಡಿದ್ದು ನಾ ಕಂಡಿಲ್ಲ. ಒಂದ್ ಸಲ ಕೆಮ್ಮಿದ. ಇಡೀ ಊರಿಗೆ ಕೇಳ್ತು.

"ಏನಪಾ, ಗುಡಿ ಬಂತು. ಇಲ್ಲಿ ದನಿ ಇಳಸ್ತೇವಿ."

ಕಟ್ಟಿ ಸುತ್ತ ನಿಂತ ಮಂದಿ ಅಷ್ಟೂ ಗಕ್ಕನ ಹೊಳ್ಳಿ ನನ್ನ ಮುಖಾ ನೋಡಿದ್ರು. ನಾ ಎರಡೂ ಕೈ ಮ್ಯಾಲ ಎತ್ತಿ, ತುಟಿ ಒತ್ತಿ ಮುಚ್ಕೊಂಡು, ಎಲ್ಲಾರಿಗೂ ಕಾಣೂ ಹಂಗ ನಿಂತ್ನಿ.